ಹತ್ತು ಊರಿನವರಿಗೆ ಒಂದೇ ಮೇಜು

ಗೋಕರ್ಣದ ಕಡಲತೀರದ ಹಾಸ್ಟೆಲ್‌ಗಳಲ್ಲಿ ಗುರುತಿಲ್ಲದವರು ಗೆಳೆಯರಾಗುವುದು ಹೇಗೆ? ಕಡಲೇ ಇಲ್ಲದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹುಡುಗ ಹುಡುಗಿಯರಿಗೆ ಅಲ್ಲಿ ಏನಿದೆ?

ಶನಿವಾರದ ಸಂಜೆ. ಗೋಕರ್ಣದ ಕುಡ್ಲೆ ತೀರಕ್ಕೆ ಇಳಿಯುವ ಗುಡ್ಡದ ಮೇಲೊಂದು ತೆರೆದ ಹಜಾರ. ಉದ್ದನೆಯ ಮರದ ಮೇಜಿನ ಸುತ್ತ ಹತ್ತು ಹನ್ನೆರಡು ಮಂದಿ. ಕೆಲವರ ಪಾದಕ್ಕೆ ಮರಳು ಇನ್ನೂ ಮೆತ್ತಿಕೊಂಡಿದೆ. ಕಂಬಿಯ ಮೇಲೆ ಒದ್ದೆ ಟವೆಲ್ಲುಗಳು ಸಾಲಾಗಿ ಬಿದ್ದಿವೆ. ಮೂಲೆಯ ಕೇರಂ ಬೋರ್ಡಿನ ಸುತ್ತ ನಾಲ್ವರು: ಪುಣೆಯವನೊಬ್ಬ, ಕೊಚ್ಚಿಯವಳೊಬ್ಬಳು, ಹೈದರಾಬಾದಿನವನೊಬ್ಬ, ನಿನ್ನೆ ಚಿಂತಾಮಣಿಯಿಂದ ಹೊರಟು ಬಂದವನೊಬ್ಬ. ಬೆಳಿಗ್ಗೆ ಇವರಲ್ಲಿ ಯಾರಿಗೂ ಯಾರ ಹೆಸರೂ ಗೊತ್ತಿರಲಿಲ್ಲ. ಈಗ ರೆಡ್ ಹಾಕಿ ಫಾಲೋ ತಪ್ಪಿಸಿದವನಿಗೆ ಉಳಿದವರೆಲ್ಲ ಸೇರಿ ಒಂದು ಸುತ್ತು ಚಹಾದ ದಂಡ ಹಾಕಿದ್ದಾರೆ.

ಅಕ್ಟೋಬರಿನಿಂದ ಮಾರ್ಚ್‌ವರೆಗೆ ಗೋಕರ್ಣದಲ್ಲಿ ಇಂಥ ಸಂಜೆಗಳಿಗೆ ಬರವಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಎಳೆಯರು ಇವನ್ನು ಮೊಬೈಲಿನ ರೀಲ್ಸ್‌ನಲ್ಲಿ ನೋಡಿದ್ದಾರೆ. ನೋಡಿ, ಇದು ನಮ್ಮಂಥವರಿಗಲ್ಲ ಅಂದುಕೊಂಡು ಮುಂದಿನದಕ್ಕೆ ಹೋಗಿದ್ದಾರೆ. ಇಂಗ್ಲಿಷ್ ಬರಬೇಕು, ಕೈತುಂಬ ದುಡ್ಡಿರಬೇಕು, ಜೊತೆಗೆ ಗೆಳೆಯರ ದಂಡು ಮೊದಲೇ ಇರಬೇಕು ಎಂಬುದು ಅವರ ಲೆಕ್ಕ. ಮೂರೂ ತಪ್ಪು ಲೆಕ್ಕ. ಅಲ್ಲಿ ಗೆಳೆತನ ಕುದುರುವುದು ಅದೃಷ್ಟದಿಂದಲ್ಲ, ಆ ಜಾಗವನ್ನು ಕಟ್ಟಿರುವ ರೀತಿಯಿಂದ ಮತ್ತು ಬಂದವರ ಕೈಲಿರುವ ಬಿಡುವಿನಿಂದ.

ಓದುವ ಮಕ್ಕಳ ಹಾಸ್ಟೆಲ್ ಅಲ್ಲ

ನಮ್ಮ ಕಡೆ ಹಾಸ್ಟೆಲ್ ಅಂದರೆ ಬಿಸಿಎಂ ಹಾಸ್ಟೆಲ್, ವಾರ್ಡನ್, ರಾತ್ರಿ ಹಾಜರಿ. ಪ್ರಯಾಣಿಕರ ಹಾಸ್ಟೆಲ್ ಬೇರೆ. ಲಾಡ್ಜಿನಲ್ಲಿ ರೂಮು ಬಾಡಿಗೆಗೆ ಸಿಗುತ್ತದೆ. ಇಲ್ಲಿ ಒಂದು ಮಂಚ ಮಾತ್ರ ಬಾಡಿಗೆಗೆ ಸಿಗುತ್ತದೆ.

ಒಂದು ಕೋಣೆಯಲ್ಲಿ ನಾಲ್ಕು, ಆರು ಅಥವಾ ಎಂಟು ಮಂಚ. ಒಂದರ ಮೇಲೊಂದು, ರೈಲಿನ ಬರ್ತಿನ ಹಾಗೆ. ಪ್ರತಿ ಮಂಚಕ್ಕೂ ಒಂದು ಪರದೆ, ತಲೆಯ ಬಳಿ ಪುಟ್ಟ ದೀಪ, ಚಾರ್ಜರ್‌ಗೆ ಒಂದು ಪ್ಲಗ್. ಕೆಳಗೆ ಅಥವಾ ಗೋಡೆಗೆ ಲಾಕರ್. ಬೀಗ ನಾವೇ ಒಯ್ದರೆ ಒಳ್ಳೆಯದು. ಬಚ್ಚಲು ಎಲ್ಲರಿಗೂ ಸೇರಿದ್ದು. ಹೆಂಗಸರಿಗೆ ಮಾತ್ರ ಎಂದು ಮೀಸಲಿಟ್ಟ ಕೋಣೆಗಳು ಬಹಳಷ್ಟು ಕಡೆ ಇವೆ. ಹದಿನೆಂಟು ತುಂಬಿರಬೇಕು, ಆಧಾರ್ ಅಥವಾ ಬೇರೆ ಗುರುತಿನ ಚೀಟಿ ತೋರಿಸಬೇಕು. ಬಾಡಿಗೆ ಸಾಮಾನ್ಯ ದಿನಗಳಲ್ಲಿ ಕೆಲವು ನೂರು ರೂಪಾಯಿ. ವಾರಾಂತ್ಯಕ್ಕೆ, ಅದರಲ್ಲೂ ಡಿಸೆಂಬರ್ ಕೊನೆಗೆ ಏರುತ್ತದೆ.

ಮಲಗುವ ಜಾಗ ಕಿರಿದು, ಕೂರುವ ಜಾಗ ಹಿರಿದು. ಕೋಣೆಯಲ್ಲಿ ಟಿವಿ ಇಲ್ಲ, ಕುರ್ಚಿಯೂ ಇರುವುದಿಲ್ಲ. ಎದ್ದವರು ಹಜಾರಕ್ಕೆ ಬರಲೇಬೇಕು. ಅಲ್ಲಿ ಉದ್ದ ಮೇಜು, ನೆಲದ ಮೇಲೆ ದಿಂಬು, ಪುಸ್ತಕದ ಕಪಾಟು, ಯಾರೋ ಬಿಟ್ಟುಹೋದ ಗಿಟಾರು. ಊರಿನ ಅರಳಿಕಟ್ಟೆ ಮಾಡುವ ಕೆಲಸವನ್ನು ಇಲ್ಲಿ ಆ ಮೇಜು ಮಾಡುತ್ತದೆ.

ಮಳೆಗೆ ಸಿಕ್ಕಿಬಿದ್ದ ಮೇಷ್ಟರ ಯೋಚನೆ

ಈ ಏರ್ಪಾಟಿಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. 1909ರ ಆಗಸ್ಟ್‌ನಲ್ಲಿ ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್ ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆಯ ಪ್ರವಾಸ ಹೊರಟಿದ್ದರು. ದಾರಿಯಲ್ಲಿ ಗುಡುಗು ಮಳೆ ಹಿಡಿಯಿತು. ಹಳ್ಳಿ ಶಾಲೆಯೊಂದರಲ್ಲಿ ಹುಲ್ಲಿನ ಮೇಲೆ ಮಲಗಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳೇ ನಡೆದು ಬರುವ ಮಕ್ಕಳಿಗೆ ತಂಗುದಾಣವಾಗಬಾರದೇಕೆ ಎಂದು ಅವರಿಗೆ ಆ ರಾತ್ರಿ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ರೂಪುಗೊಂಡಿತು. 1932ರ ಹೊತ್ತಿಗೆ ಹಲವು ದೇಶಗಳ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡಿದ್ದವು.

ಭಾರತದ ಕಥೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. 1945ರಲ್ಲಿ ಶಿಮ್ಲಾ ಬಳಿಯ ತಾರಾದೇವಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ನಂಟಿನವರು ಒಂದು ಹಾಸ್ಟೆಲ್ ಕಟ್ಟಿದರು. ಅದರ ಹಂಗಿಲ್ಲದೆ, 1949ರ ಜೂನ್‌ನಲ್ಲಿ ಮೈಸೂರಿನಲ್ಲಿ ಸೇರಿದ ಆಸಕ್ತರು ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾವನ್ನು ಹುಟ್ಟುಹಾಕಿದರು. ಕಡಿಮೆ ಖರ್ಚಿನ ಚಾರಣಗಳಿಂದ ನಮ್ಮ ಹಿಂದಿನ ಪೀಳಿಗೆಯ ಮೇಷ್ಟರಿಗೆ, ಬ್ಯಾಂಕ್ ನೌಕರರಿಗೆ ಹಿಮಾಲಯ ತೋರಿಸಿದ್ದು ಇದೇ ಸಂಸ್ಥೆ.

ಈಗಿನ ಬಣ್ಣಬಣ್ಣದ ಖಾಸಗಿ ಹಾಸ್ಟೆಲ್‌ಗಳ ಅಲೆ ಹೊಸತು. ಝೋಸ್ಟೆಲ್ ಸಂಸ್ಥೆ 2013ರಲ್ಲಿ ಜೋಧಪುರದಲ್ಲಿ ಮೊದಲ ಹಾಸ್ಟೆಲ್ ತೆರೆಯಿತು. ಆಮೇಲೆ ಅನೇಕರು ಈ ವ್ಯವಹಾರಕ್ಕೆ ಇಳಿದರು. ಗೋಕರ್ಣದ ಗುಡ್ಡಗಳಿಗೂ ಹಾಸ್ಟೆಲ್‌ಗಳು ಬಂದವು.

ಗೋಕರ್ಣವೇ ಏಕೆ?

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಗೋಕರ್ಣ ಮೊದಲು ಕ್ಷೇತ್ರ, ಆಮೇಲೆ ಕಡಲತೀರ. ಮಹಾಬಲೇಶ್ವರನ ದರ್ಶನಕ್ಕೆ, ಕೋಟಿತೀರ್ಥದಲ್ಲಿ ಪಿತೃಕಾರ್ಯಕ್ಕೆ ಬರುವವರನ್ನು ಊರಿನ ಪುರೋಹಿತರು ತಮ್ಮ ಮನೆಗಳಲ್ಲೇ ಇಳಿಸಿಕೊಳ್ಳುತ್ತಿದ್ದರು. ಗುರುತಿಲ್ಲದವರಿಗೆ ಚಾಪೆ ಹಾಸಿಕೊಟ್ಟು ಊಟ ಬಡಿಸುವುದು ಆ ಊರಿಗೆ ಹೊಸ ಪಾಠವಲ್ಲ.

ಗೋವಾದ ತೀರಗಳಲ್ಲಿ ಗದ್ದಲ ಹೆಚ್ಚಿದಂತೆ, ಶಾಂತ ಜಾಗ ಹುಡುಕಿದ ವಿದೇಶಿ ಪ್ರಯಾಣಿಕರು ದಕ್ಷಿಣಕ್ಕೆ ಸರಿದು ಕುಡ್ಲೆ ಮತ್ತು ಓಂ ತೀರಗಳ ತೆಂಗಿನ ಗರಿಯ ಗುಡಿಸಲುಗಳಲ್ಲಿ ಉಳಿಯತೊಡಗಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದ ಮೇಲೆ ದಾರಿ ಸುಗಮವಾಯಿತು. ಬೆಂಗಳೂರಿನ ಐಟಿ ಕಂಪನಿಗಳ ಎಳೆಯರು ವಾರಾಂತ್ಯಕ್ಕೆ ಬರುವ ರೂಢಿ ಬೆಳೆದದ್ದು ಆಮೇಲೆ.

ನೆಲದ ರಚನೆಯೂ ಜನರನ್ನು ಕೂಡಿಸುತ್ತದೆ. ಊರ ಮುಂದಿನ ದೊಡ್ಡ ತೀರ, ಗುಡ್ಡದಾಚೆ ಕುಡ್ಲೆ, ಅದರಾಚೆ ಓಂ, ಮುಂದೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ನಡುನಡುವೆ ಕಡಲಿಗೆ ಚಾಚಿದ ಬಂಡೆಗುಡ್ಡಗಳು. ಕೊನೆಯ ಎರಡು ತೀರಗಳಿಗೆ ಕಾಲುದಾರಿ, ಇಲ್ಲವೆ ದೋಣಿ. ಒಬ್ಬರೇ ಹೋಗಲು ಅಳುಕು, ದೋಣಿಯ ಬಾಡಿಗೆ ಒಬ್ಬರಿಗೆ ಭಾರ. ಹಾಗಾಗಿ ಬೆಳಗಿನ ತಿಂಡಿಯ ಹೊತ್ತಿಗೆ "ಹಾಫ್ ಮೂನ್‌ಗೆ ಯಾರ್ಯಾರು ಬರ್ತೀರಿ?" ಎಂಬ ಪ್ರಶ್ನೆ ಮೇಜಿನ ಮೇಲೆ ಬಿದ್ದೇ ಬೀಳುತ್ತದೆ. ಗೆಳೆತನದ ಮೊದಲ ಹೆಜ್ಜೆ ಬಹುಪಾಲು ಅದೇ.

ಗೆಳೆತನದ ಗಂಟೆಗಳು

ಯಾರು ಯಾರ ಗೆಳೆಯರಾಗುತ್ತಾರೆ ಎಂಬುದನ್ನು ಸಮಾಜವಿಜ್ಞಾನಿಗಳು ಬಹಳ ಕಾಲದಿಂದ ಕೆದಕಿದ್ದಾರೆ. ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಅಮೆರಿಕದ ಎಂಐಟಿಯ ವಿದ್ಯಾರ್ಥಿ ವಸತಿಯನ್ನು ಅಧ್ಯಯನ ಮಾಡಿ 1950ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸರಳ ಸತ್ಯವೊಂದಿದೆ: ಪಕ್ಕದ ಬಾಗಿಲಿನವರು ಗೆಳೆಯರಾಗುವ ಸಂಭವ ಹೆಚ್ಚು, ಮೆಟ್ಟಿಲ ಬುಡದಲ್ಲಿ, ಟಪಾಲು ಡಬ್ಬಿಯ ಹತ್ತಿರ ಇದ್ದವರಿಗೆ ಗೆಳೆಯರು ಇನ್ನೂ ಹೆಚ್ಚು. ಎದುರಾಗುವುದೇ ಅರ್ಧ ಕೆಲಸ. ಹಾಸ್ಟೆಲಿನ ಒಂದೇ ಹಜಾರ, ಒಂದೇ ನೀರಿನ ಫಿಲ್ಟರು, ಬಟ್ಟೆ ಒಣಹಾಕುವ ಒಂದೇ ಹಗ್ಗ ದಿನಕ್ಕೆ ಹತ್ತು ಸಲ ಜನರನ್ನು ಎದುರುಬದುರು ತರುತ್ತವೆ.

ಉಳಿದ ಅರ್ಧ, ಸಮಯ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರ ಅಧ್ಯಯನದಲ್ಲಿ ಒಂದು ಅಂದಾಜು ಕೊಟ್ಟರು: ಬರೀ ಪರಿಚಯ ಸಲುಗೆಯ ಗೆಳೆತನವಾಗಲು ಒಟ್ಟಿಗೆ ಸುಮಾರು 50 ಗಂಟೆ ಕಳೆಯಬೇಕು; ಆಪ್ತ ಗೆಳೆತನಕ್ಕೆ 200 ಗಂಟೆಗೂ ಹೆಚ್ಚು. ವಾರಕ್ಕೊಂದು ಗಂಟೆ ಸಿಗುವವರಿಗೆ ಆ 50 ಗಂಟೆ ಕೂಡಿಬರಲು ವರ್ಷ ಬೇಕು. ಮೂರು ದಿನ ಒಟ್ಟಿಗೆ ತಿಂದು, ನಡೆದು, ನೀರಾಡಿ, ನಡುರಾತ್ರಿವರೆಗೆ ಹರಟಿದವರು ಅದರ ಸಮೀಪ ಬಂದುಬಿಡುತ್ತಾರೆ.

ಇಲ್ಲಿ ಬಿಡುವಿನ ಬೆಲೆ ತಿಳಿಯುತ್ತದೆ. ಬೆಳಿಗ್ಗೆ ಮುರುಡೇಶ್ವರ, ಮಧ್ಯಾಹ್ನ ಇಡಗುಂಜಿ, ಸಂಜೆ ಗೋಕರ್ಣ, ರಾತ್ರಿ ವಾಪಸ್ ಎಂದು ಟಿಟಿ ಗಾಡಿಯಲ್ಲಿ ಸುತ್ತುವವರಿಗೆ ಜಾಗಗಳು ಸಿಗುತ್ತವೆ, ಜನ ಸಿಗುವುದಿಲ್ಲ. ಏನೂ ಗೊತ್ತುಮಾಡಿಕೊಳ್ಳದೆ ಖಾಲಿ ಇಟ್ಟ ಮಧ್ಯಾಹ್ನವೇ ಹಾಸ್ಟೆಲಿನಲ್ಲಿ ಹೆಚ್ಚು ಫಲ ಕೊಡುವ ಹೊತ್ತು.

"ಯಾರ ಪೈಕಿ?" ಎಂದು ಕೇಳದ ಜಾಗ

ನಮ್ಮ ತಾಲ್ಲೂಕುಗಳಲ್ಲಿ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ "ಯಾವೂರು?". ಎರಡನೆಯದು "ಯಾರ ಪೈಕಿ?". ಅದರ ಉತ್ತರದಲ್ಲಿ ಜಾತಿ, ಮನೆತನ, ಜಮೀನು ಎಲ್ಲವೂ ಬಯಲಾಗುತ್ತವೆ. ಮುಂದಿನ ಮಾತು ಎಷ್ಟು ಹತ್ತಿರದ್ದಿರಬೇಕು, ಲೋಟ ಯಾವುದಿರಬೇಕು ಎಂಬುದು ಕೆಲವು ಕಡೆ ಇವತ್ತಿಗೂ ಅಲ್ಲೇ ತೀರ್ಮಾನವಾಗುತ್ತದೆ. ಇದನ್ನು ನಾವು ಮುಚ್ಚಿಡಬಾರದು.

ಹಾಸ್ಟೆಲಿನ ಮೇಜಿನಲ್ಲಿ ಮೊದಲ ಪ್ರಶ್ನೆ "ಎಲ್ಲಿಂದ ಬಂದ್ರಿ?", ಎರಡನೆಯದು "ಮುಂದೆ ಎಲ್ಲಿಗೆ?". ಉದ್ಯೋಗದ ಮಾತು ಬರುವಷ್ಟರಲ್ಲಿ ಒಟ್ಟಿಗೆ ಊಟ ಮುಗಿದಿರುತ್ತದೆ. ಮೇಲಿನ ಮಂಚದಲ್ಲಿ ಯಾರು, ಕೆಳಗಿನದರಲ್ಲಿ ಯಾರು ಎಂಬುದನ್ನು ಬುಕಿಂಗ್ ನಿರ್ಧರಿಸುತ್ತದೆ; ಹುಟ್ಟು ನಿರ್ಧರಿಸುವುದಿಲ್ಲ. ಅಲ್ಲಿಗೆ ಬರುವವರ ಮನಸ್ಸಿನಲ್ಲಿ ಭೇದಗಳೇ ಇಲ್ಲವೆಂದಲ್ಲ. ದುಡ್ಡಿನ ಭೇದವಿದೆ, ಮಹಾನಗರದವರ ಗತ್ತೂ ಇರುತ್ತದೆ. ಆದರೆ ಹುಟ್ಟಿದ ಮನೆ ಯಾವುದು ಎಂಬ ಪ್ರಶ್ನೆಗೆ ಉತ್ತರಿಸದೆ ನಾಲ್ಕು ಜನರ ನಡುವೆ ನಗುನಗುತ್ತಾ ಕೂರುವುದು ಎಷ್ಟೋ ಮಕ್ಕಳಿಗೆ ಜೀವನದಲ್ಲೇ ಮೊದಲ ಅನುಭವ. ಇದೊಂದಕ್ಕಾಗಿಯಾದರೂ ಹೋಗಬೇಕು ಎನ್ನುತ್ತೇನೆ.

ಇನ್ನೊಂದು ಬಿಡುಗಡೆಯೂ ಇದೆ. ಮತ್ತೆ ಸಿಗದ ಹೊಸಬನ ಮುಂದೆ ಜನ ತಮ್ಮ ಒಳಗುಟ್ಟು ಬಿಚ್ಚುವುದುಂಟು ಎಂದು ಜರ್ಮನ್ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಝಿಮ್ಮೆಲ್ 1908ರಲ್ಲೇ ಬರೆದಿದ್ದರು. ಪರೀಕ್ಷೆಯಲ್ಲಿ ಫೇಲಾದದ್ದು, ಮುರಿದ ಮದುವೆ ಮಾತುಕತೆ, ಅಪ್ಪನ ಸಾಲ: ಊರಿನಲ್ಲಿ ಬಾಯಿಬಿಟ್ಟರೆ ಮನೆಮನೆಗೆ ಹಬ್ಬುವ ಸಂಗತಿಗಳನ್ನು ಕಡಲ ಮುಂದೆ ಯಾರಿಗೋ ಹೇಳಿ ಹಗುರಾದವರು ಬಹಳ.

ನಮ್ಮ ನಾಲಿಗೆಯ ಬಲ

ಇಂಗ್ಲಿಷಿನ ಭಯಕ್ಕೆ ನಮ್ಮ ಜಿಲ್ಲೆಯಲ್ಲೇ ಮದ್ದಿದೆ. ಚಿಂತಾಮಣಿಯ, ಗೌರಿಬಿದನೂರಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತರೂ ರೀಲರುಗಳೂ ಕನ್ನಡ, ತೆಲುಗು, ಉರ್ದು ಮೂರನ್ನೂ ಬೆರೆಸಿ ವ್ಯಾಪಾರ ಮುಗಿಸುತ್ತಾರೆ. ಗೋಕರ್ಣಕ್ಕೆ ಬರುವವರಲ್ಲಿ ಹೈದರಾಬಾದಿನ, ವಿಶಾಖಪಟ್ಟಣದ ಎಳೆಯರು ಧಾರಾಳ. "ಮೀದೇ ಊರು?" ಎಂಬ ಒಂದು ಮಾತು ಸಾಕು, ಮುಖ ಅರಳುತ್ತದೆ. ಉರ್ದು ಬಲ್ಲವರಿಗೆ ಹಿಂದಿಯವರ ಜೊತೆ ತಡವರಿಕೆಯೇ ಇಲ್ಲ. ಹುಟ್ಟಿನಿಂದ ಎರಡು ಮೂರು ಭಾಷೆಯಲ್ಲಿ ಬದುಕಿದ ನಮ್ಮ ಮಕ್ಕಳು ಒಂದೇ ಭಾಷೆ ಬಲ್ಲ ಮಹಾನಗರದವರಿಗಿಂತ ಆ ಮೇಜಿನಲ್ಲಿ ಮುಂದಿದ್ದಾರೆ.

ಹೇಳಲು ಸರಕೂ ಇದೆ. ಬಿಸಿನೀರಿನಲ್ಲಿ ಬೆಂದ ಗೂಡನ್ನು ಉಜ್ಜಿ ಎಳೆಯ ತುದಿ ಹಿಡಿಯುವುದು ಹೇಗೆ, ಬೆರಳ ಗೆಣ್ಣಿನಷ್ಟು ಗೂಡಿನೊಳಗೆ ನೂರಾರು ಮೀಟರ್ ಎಳೆ ಸುತ್ತಿಕೊಂಡಿರುವುದು ಹೇಗೆ, ಹಿಪ್ಪುನೇರಳೆ ಸೊಪ್ಪಿಗಾಗಿ ಮನೆಮಂದಿ ನಸುಕಿಗೇ ಏಳುವುದೇಕೆ ಎಂದು ಶಿಡ್ಲಘಟ್ಟದ ಹುಡುಗಿಯೊಬ್ಬಳು ಬಿಡಿಸಿ ಹೇಳಿದರೆ ಮೇಜಿನ ಅರ್ಧ ಮಂದಿ ಕೈಲಿದ್ದ ಮೊಬೈಲು ಕೆಳಗಿಟ್ಟು ಕೇಳುತ್ತಾರೆ. ಟೊಮೆಟೊ ಬೆಲೆ ಒಂದೇ ವಾರದಲ್ಲಿ ಏರಿ ಇಳಿಯುವುದನ್ನು ಚಿಂತಾಮಣಿಯವರಿಗಿಂತ ಚೆನ್ನಾಗಿ ವಿವರಿಸುವವರು ಅಲ್ಲಿ ಯಾರಿದ್ದಾರೆ? ನಮಗೆ ಸಾಮಾನ್ಯವೆನಿಸಿದ ಬದುಕು ಬೇರೆಯವರಿಗೆ ಹೊಸ ಲೋಕ.

ಹೋಗುವ ದಾರಿ, ಕೂರುವ ರೀತಿ

ನಮ್ಮ ಊರುಗಳಿಂದ ಮೊದಲು ಬೆಂಗಳೂರು ತಲುಪಬೇಕು. ಅಲ್ಲಿಂದ ಗೋಕರ್ಣ ಐನೂರು ಕಿಲೋಮೀಟರಿನ ಆಸುಪಾಸು, ರಾತ್ರಿಯ ಪ್ರಯಾಣ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರೈಲಿನಲ್ಲೂ ಹೋಗಬಹುದು. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಕೆಲವು ಕಿಲೋಮೀಟರ್ ದೂರದಲ್ಲಿದೆ. ಕುಮಟಾ ಅಥವಾ ಅಂಕೋಲಾದಲ್ಲಿ ಇಳಿದರೆ ಊರಿಗೆ ಬಸ್ಸು ಸಿಗುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಸ್ಲೀಪರ್ ಬಸ್ಸಿಗೆ ಇದು ಅನ್ವಯಿಸದು.

ಹೋದ ಮೇಲೆ ಮಾಡಬೇಕಾದ್ದು ಸಣ್ಣ ಸಣ್ಣ ಕೆಲಸ. ಕಿವಿಯಿಂದ ಇಯರ್‌ಫೋನ್ ತೆಗೆದು ಹಜಾರದಲ್ಲಿ ಕೂರುವುದು. ಮನೆಯಿಂದ ತಂದ ಚಕ್ಕುಲಿ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಡುವುದು. ಕೇರಂಗೆ ಒಂದು ಕೈ ಕಮ್ಮಿ ಬಿದ್ದಾಗ ಕರೆಯುವ ಮೊದಲೇ ಹೋಗುವುದು. ನಾಲ್ಕೈದು ಗೆಳೆಯರು ಒಟ್ಟಿಗೆ ಹೋದರೆ ತಮ್ಮೊಳಗೇ ಮಾತಾಡಿ ಬಂದುಬಿಡುತ್ತಾರೆ. ಒಬ್ಬರೋ ಇಬ್ಬರೋ ಹೋದವರಿಗೆ ಹೊಸಬರು ಸಿಗುತ್ತಾರೆ. ರಾತ್ರಿ ಕೋಣೆಯಲ್ಲಿ ದೀಪ ಆರಿದ ಮೇಲೆ ಫೋನಿನಲ್ಲಿ ಜೋರು ಮಾತು ಬೇಡ. ಯಾರಾದರೂ ಒಬ್ಬರೇ ಇರಬೇಕೆಂದು ಪುಸ್ತಕ ಹಿಡಿದು ಕೂತರೆ ಅವರನ್ನು ಹಾಗೇ ಬಿಡಬೇಕು.

ಮನೆಯವರ ಚಿಂತೆ

ಮಗಳು ಕೇಳಿದಾಗ ಅಮ್ಮನ ಎದೆ ಝಲ್ಲೆನ್ನುವುದು ಸಹಜ. ಆ ಚಿಂತೆಗೆ ಉಡಾಫೆಯ ಉತ್ತರ ಸಲ್ಲದು. ಹೆಂಗಸರ ಕೋಣೆಯನ್ನೇ ಬುಕ್ ಮಾಡಬೇಕು. ಅಲ್ಲಿ ಉಳಿದ ಹೆಣ್ಣುಮಕ್ಕಳ ಇತ್ತೀಚಿನ ಅಭಿಪ್ರಾಯ ಓದಬೇಕು. ಹಾಸ್ಟೆಲಿನ ವಿಳಾಸ, ಫೋನ್ ನಂಬರು ಮನೆಯಲ್ಲಿ ಬರೆದಿಡಬೇಕು. ಕತ್ತಲಾದ ಮೇಲೆ ತೀರದಿಂದ ತೀರಕ್ಕೆ ಕಾಡುದಾರಿಯಲ್ಲಿ ನಡೆಯಬಾರದು. ಹೊಸ ಗೆಳೆಯರು ಎಷ್ಟೇ ಒಳ್ಳೆಯವರಾಗಿ ಕಂಡರೂ ಬೇಡವೆನಿಸಿದ್ದಕ್ಕೆ ಬೇಡ ಎನ್ನುವ ಹಕ್ಕು ಕೈಲಿರಬೇಕು. ಗಾಂಜಾ ಮುಂತಾದ ಮಾದಕ ವಸ್ತು ಸುಳಿದ ಕಡೆಯಿಂದ ಎದ್ದು ಬರಬೇಕು. 1985ರ ಮಾದಕವಸ್ತು ಕಾಯ್ದೆ ಜೈಲಿಗೆ ಕಳಿಸುತ್ತದೆ.

ಕಡಲಂತೂ ನಮ್ಮ ಕೆರೆಯಲ್ಲ. ಬಾವಿಯಲ್ಲಿ ಈಜು ಕಲಿತವರನ್ನೂ ಅದು ಎಳೆದೊಯ್ಯುತ್ತದೆ. 2024ರ ಡಿಸೆಂಬರ್‌ನಲ್ಲಿ ನೆರೆಯ ಮುಳಬಾಗಿಲಿನ ವಸತಿ ಶಾಲೆಯಿಂದ ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಕೆಂಪು ಬಾವುಟ ಕಂಡ ಕಡೆ ಇಳಿಯಬಾರದು, ಜೀವರಕ್ಷಕರ ಸೀಟಿಗೆ ತಲೆಬಾಗಬೇಕು. ಮಳೆಗಾಲದಲ್ಲಿ ಹೋಗದಿರುವುದೇ ಕ್ಷೇಮ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಹಾನಿಯಾಯಿತು.

ಊರಿನವರೂ ಗೆಳೆಯರೇ

ಹಾಸ್ಟೆಲಿನ ಗೋಡೆಯೊಳಗೇ ಗೆಳೆತನ ಮುಗಿದರೆ ಅದು ಅರ್ಧ ಪ್ರವಾಸ. ರಥಬೀದಿಯ ಬದಿಯಲ್ಲಿ ಕೊರಳ ತುಂಬ ಮಣಿಸರ ಧರಿಸಿ ತರಕಾರಿ, ಹೂವು ಮಾರುವ ಹಾಲಕ್ಕಿ ಒಕ್ಕಲು ಹೆಂಗಸರ ಹತ್ತಿರ ಎರಡು ನಿಮಿಷ ಕುಕ್ಕರಗಾಲಲ್ಲಿ ಕೂರಿ. ಕುಮಟೆಯ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ತೂಗುಹಾಕುವ ಬಗೆಯನ್ನು ಕೇಳಿ. ಬೆಳೆಯುವ ಮನೆಯಿಂದ ಬಂದವರ ಪ್ರಶ್ನೆಗೂ ಬರೀ ಫೋಟೊ ತೆಗೆಯುವವರ ಪ್ರಶ್ನೆಗೂ ವ್ಯತ್ಯಾಸವಿರುತ್ತದೆ, ಅದನ್ನು ಅವರು ಗುರುತಿಸುತ್ತಾರೆ. ದೇವಸ್ಥಾನಕ್ಕೆ ಹೋಗುವಾಗ ಅಲ್ಲಿನ ಉಡುಪಿನ ನಿಯಮ ಪಾಲಿಸಿ. ತೀರ ಮೀನುಗಾರರಿಗೆ ದುಡಿಯುವ ಜಾಗ. ಬಲೆ ಒಣಹಾಕಿದ ಕಡೆ ಬಾಟಲಿ ಎಸೆಯುವುದು ಅವರ ಅನ್ನಕ್ಕೆ ಮಾಡುವ ಅವಮಾನ.

ಮುಂದೆ ಉಳಿಯುವುದೆಷ್ಟು?

ಹೊರಡುವ ದಿನ ವಾಟ್ಸ್‌ಆ್ಯಪ್ ಗುಂಪು ಹುಟ್ಟುತ್ತದೆ, ಫೋಟೊಗಳು ಹರಿದಾಡುತ್ತವೆ, ತಿಂಗಳಲ್ಲಿ ಸದ್ದು ಅಡಗುತ್ತದೆ. ಅದಕ್ಕೆ ಬೇಸರಪಡಬೇಕಿಲ್ಲ. ಹತ್ತರಲ್ಲಿ ಒಬ್ಬರು ಉಳಿದರೂ ಬೇರೆ ರಾಜ್ಯದಲ್ಲೊಂದು ಮನೆ ನಮ್ಮದಾದಂತೆ. ಉಳಿಯದವರೂ, ಗುರುತಿಲ್ಲದವರ ಎದುರು ಹೆದರದೆ ಕೂರುವ ಧೈರ್ಯ ಕೊಟ್ಟು ಹೋಗುತ್ತಾರೆ. ಮೊದಲ ಸಂದರ್ಶನಕ್ಕೆ, ಹೊಸ ಊರಿನ ಕೆಲಸಕ್ಕೆ ಹೊರಡುವ ಹುಡುಗಿಗೆ ಅದು ಪದವಿಯಷ್ಟೇ ಬೇಕಾದ ಬಲ.

ಇಷ್ಟು ತಿಳಿದ ಮೇಲೆ ನಮ್ಮ ಜಿಲ್ಲೆಯನ್ನೇ ಒಮ್ಮೆ ನೋಡಬೇಕು. ನಂದಿಬೆಟ್ಟಕ್ಕೆ, ಸ್ಕಂದಗಿರಿಗೆ ಪ್ರತಿ ವಾರಾಂತ್ಯವೂ ನಸುಕಿನಲ್ಲಿ ಬೆಂಗಳೂರಿನಿಂದ ವಾಹನಗಳ ಸಾಲು ಬರುತ್ತದೆ. ಸೂರ್ಯೋದಯ, ಫೋಟೊ, ಚಹಾ, ಮಧ್ಯಾಹ್ನದೊಳಗೆ ವಾಪಸ್. ಅಷ್ಟು ಜನ ಬಂದರೂ ಅವರಿಗೆ ನಾವು ಗೊತ್ತಿಲ್ಲ, ನಮಗೆ ಅವರು ಗೊತ್ತಿಲ್ಲ. ಕೈವಾರದಲ್ಲಿ ಬಂದವರಿಗೆಲ್ಲ ಅನ್ನ ಬಡಿಸುವ, ಮುರುಗಮಲ್ಲಾದ ದರ್ಗಾಕ್ಕೆ ಎಲ್ಲ ಧರ್ಮದವರೂ ನಡೆದುಕೊಳ್ಳುವ ಸೀಮೆ ಇದು. ಆತಿಥ್ಯ ನಮಗೆ ಯಾರೂ ಕಲಿಸಬೇಕಿಲ್ಲ. ಬಂದವರು ಒಂದು ರಾತ್ರಿ ನಿಲ್ಲುವ, ನಮ್ಮವರ ಜೊತೆ ಕೂತು ಮುದ್ದೆ ಬಸ್ಸಾರು ಉಣ್ಣುವ ಅಗ್ಗದ ತಂಗುಮನೆಗಳು ಬೇಕಾಗಿವೆ: ಎಂಟು ಮಂಚ, ಒಂದು ಉದ್ದ ಮೇಜು, ಶುಚಿಯಾದ ಬಚ್ಚಲು, ಬೆಳಿಗ್ಗೆ ಗೂಡಿನ ಮಾರುಕಟ್ಟೆಗೋ ದ್ರಾಕ್ಷಿ ತೋಟಕ್ಕೋ ಕರೆದೊಯ್ಯುವ ಒಬ್ಬ ಸ್ಥಳೀಯ ಹುಡುಗ.

ಗೋಕರ್ಣದ ಮೇಜಿನಲ್ಲಿ ಕೂತು ಬಂದವರೇ ಇದನ್ನು ಶುರುಮಾಡಬೇಕು. ಅದು ಹೇಗಿರಬೇಕೆಂದು ಅವರಿಗೆ ಗೊತ್ತಿರುತ್ತದೆ. ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ಅಂಥದೊಂದು ಮನೆ ತೆರೆದರೆ, ಕುಮಟೆಯ ಹುಡುಗಿಯೊಬ್ಬಳಿಗೆ ರಾತ್ರಿ ಬಸ್ಸು ಹತ್ತಿ ನಮ್ಮ ಕಡೆ ಬರಲು ಕಾರಣ ಸಿಗುತ್ತದೆ.